ಆನೆ ತೋಡಿದ ನೀರು

ಮಿಸವೇನಿಗೆ ಕಾರು ಓಡಿಸುವ ಲೈಸೆನ್ಸು ಸಿಕ್ಕಿದ್ದು ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೆ. ಶಿಖುವಾನಿ ಎಂಬ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಮುದ್ದೆ, ಕಾಳಿನ ಸಾರು ಬೇಯಿಸುವ ಹೆಂಗಸು ಹಳೆಯ ಬಿಳಿ ಕಾರನ್ನು ಊರ ನಡುವಿನ ಮಣ್ಣುದಾರಿಯಲ್ಲಿ ಮೊದಲ ಸಲ ಓಡಿಸಿಕೊಂಡು ಬಂದಾಗ ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಕೀಟಲೆ. ಅವಳು ಯಾರ ಕಡೆಗೂ ತಿರುಗಲಿಲ್ಲ. ತಿರುಗಿದ್ದರೆ ಕಾರು ಚರಂಡಿಗೆ ಇಳಿಯುತ್ತಿತ್ತು.

ಅವಳು ಕಾರು ಕಲಿತದ್ದು ಶೋಕಿಗಲ್ಲ, ಅತ್ತೆಯ ಕಣ್ಣಿಗಾಗಿ. ಅತ್ತೆ ಎಂದರೆ ಅಪ್ಪನ ತಂಗಿ ಎರ್ಮೆಲಿಂಡಾ. ಊರವರ ಬಾಯಲ್ಲಿ ಲಿಂಡತ್ತೆ. ಅರವತ್ತು ಹತ್ತಿರವಾಗುತ್ತಿದ್ದಂತೆ ಅವಳ ಎರಡೂ ಕಣ್ಣಿಗೆ ಪೊರೆ ಬಂದು, ತಟ್ಟೆಯಲ್ಲಿ ಏನಿದೆ ಎಂಬುದನ್ನು ಬೆರಳಿನಿಂದ ಮುಟ್ಟಿ ತಿಳಿಯುವಂತಾಗಿತ್ತು. ಆಸ್ಪತ್ರೆ ದೂರ. ಟ್ಯಾಕ್ಸಿಯವನು ಹೆದ್ದಾರಿಯ ತಿರುವಿನಲ್ಲಿ ಇಳಿಸಿ ಹೋಗಿಬಿಡುತ್ತಿದ್ದ. ಒಮ್ಮೆ ಅಲ್ಲಿಂದ ನಡೆದು ಹೋಗುವಾಗ ಅತ್ತೆ ಎಡವಿ ಬಿದ್ದು ಮಂಡಿ ಒಡೆದುಕೊಂಡಳು. ಅಂದು ಸಂಜೆಯೇ ಮಿಸವೇನಿ ಗಂಡನಿಗೆ, "ನಾನು ಗಾಡಿ ಕಲೀತೀನಿ" ಎಂದಳು. ಗಂಡ ರಿಸೆಂಗ ಗಾರೆ ಕೆಲಸದವನು. ಮಾತಿನಲ್ಲಿ ಎಷ್ಟು ತಮಾಷೆಯೋ ಕೆಲಸದಲ್ಲಿ ಅಷ್ಟೇ ಗಟ್ಟಿ. ಯಾರದೋ ಮನೆ ಹಿಂದೆ ಧೂಳು ತಿನ್ನುತ್ತ ನಿಂತಿದ್ದ ಕಾರನ್ನು ಎಳೆದು ತಂದು, ರಿಪೇರಿ ಮಾಡಿಸಿ, ಅಂಗಳದ ಮರೂಲ ಮರದ ಕೆಳಗೆ ನಿಲ್ಲಿಸಿದ. "ನೀನು ಕಲಿಯೋ ತನಕ ಕೋಳಿಗಳನ್ನ ಕಟ್ಟಿ ಹಾಕ್ತೀನಿ" ಎಂದ.

ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ಮಿಸವೇನಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಅಯ್ಯೋ ಕೂಸೇ, ಇಷ್ಟು ಬೇಗ ಮುದುಕಿ ಆಗಿಬಿಟ್ಟಿದೀಯಲ್ಲೇ!"

"ನಿಮ್ಮ ಮುಖ ನೋಡ್ಕೊಂಡಿದೀರಾ ಅತ್ತೆ? ಕನ್ನಡಿ ತರ್ಲಾ?"

"ಬೇಡ, ಬೇಡ. ಒಂದು ದಿನಕ್ಕೆ ಒಂದು ಸಂಕಟ ಸಾಕು."

ಆಮೇಲೆ ಅತ್ತೆ ಎಲ್ಲವನ್ನೂ ನೋಡಿದಳು. ಇರುವೆ ಸಾಲು ನೋಡಿದಳು, ಪಕ್ಕದ ಮನೆಯ ತಗಡಿನ ಮೇಲಿನ ತುಕ್ಕು ನೋಡಿದಳು, ರಿಸೆಂಗನ ಹೊಟ್ಟೆ ನೋಡಿ ನಕ್ಕಳು. ಚಳಿಗಾಲ ಬಂದು ಹುಲ್ಲೆಲ್ಲ ಹಳದಿಯಾದ ಮೇಲೆ ಒಂದು ಸಂಜೆ ಒಲೆಯ ಮುಂದೆ ಕೂತು ಹೇಳಿದಳು:

"ಮಿಸ, ಒಂದು ದಿನ ಬೇಲಿಯಾಚೆ ಹೋಗಿ ಬರೋಣ."

ರಿಸೆಂಗ ತಟ್ಟೆಯಿಂದ ತಲೆಯೆತ್ತಿದ. "ಪಾರ್ಕಿಗಾ? ಯಾಕತ್ತೆ? ಸಿಂಹಕ್ಕೆ ನಮ್ಮ ವಿಳಾಸ ಗೊತ್ತಿಲ್ದೆ ಇರೋದಕ್ಕೇ ನಾವಿನ್ನೂ ಬದುಕಿರೋದು. ನೀವೇ ಹೋಗಿ ಕೊಟ್ಟು ಬರ್ತೀರಾ?"

ಅತ್ತೆ ನಗಲಿಲ್ಲ. "ಆ ಕಾಡನ್ನ ನಾನು ಕಾಲಲ್ಲಿ ನೋಡಿದೀನಪ್ಪ, ಕಣ್ಣಲ್ಲಿ ನೋಡಿಲ್ಲ" ಎಂದಳು.

ಆ ಕಾಡಿನ ಮಾತನ್ನು ಅತ್ತೆ ತಾನಾಗಿ ಎತ್ತಿದ್ದು ಅದೇ ಮೊದಲು.

ಶಿಖುವಾನಿ ಇರುವುದು ಕಾಡುಪ್ರಾಣಿಗಳ ಪಾರ್ಕಿನ ಪಡುವಣ ಬೇಲಿಯ ಮಗ್ಗುಲಲ್ಲಿ. ರಾತ್ರಿ ಗಾಳಿ ತಿರುಗಿದರೆ ಸಿಂಹದ ಗುಟುರು ಹಾಸಿಗೆಯವರೆಗೂ ಬರುತ್ತದೆ. ಆದರೂ ಊರಲ್ಲಿ ಪಾರ್ಕಿನೊಳಗೆ ಸುಮ್ಮನೆ ನೋಡಲು ಹೋದವರು ಕಡಿಮೆ. ಒಳಗೆ ಪಾತ್ರೆ ತೊಳೆಯಲು ಹೋಗುತ್ತಾರೆ, ಹಾಸಿಗೆ ಬಟ್ಟೆ ಒಗೆಯಲು ಹೋಗುತ್ತಾರೆ. ಕಾರಿನ ಕಿಟಕಿಯಿಂದ ಜಿರಾಫೆ ನೋಡುವುದು ದೂರದವರ ಕೆಲಸ ಎಂದೇ ಎಲ್ಲರ ಎಣಿಕೆ.

ಮಿಸವೇನಿ ಮತ್ತು ಅತ್ತೆ ಆ ಊರಿಗೆ ಬಂದದ್ದು ಮಾತ್ರ ಆ ಕಾಡಿನೊಳಗಿಂದಲೇ, ಮೂಡಣದಿಂದ, ನಡೆದುಕೊಂಡು. ಮೊಜಾಂಬಿಕ್‌ನಲ್ಲಿ ಒಳಯುದ್ಧ ಹೊತ್ತಿ ಉರಿಯುತ್ತಿದ್ದ ಕಾಲ ಅದು. ಮಿಸವೇನಿಗೆ ಆಗ ಐದು ವರ್ಷ. ಹಳ್ಳಿಗೆ ಬೆಂಕಿ ಬಿದ್ದ ದಿನ ಅಪ್ಪ, ಅವ್ವ ಇಬ್ಬರೂ ಹೋದರು. ಅತ್ತೆ ಅವಳ ಕೈ ಹಿಡಿದು, ಗಡಿಯ ಗುಡ್ಡ ದಾಟುತ್ತಿದ್ದ ಜನರ ಹಿಂದೆ ಸೇರಿಕೊಂಡಳು. ಗುಡ್ಡದ ಈಚೆ ಪಾರ್ಕು. ಪಾರ್ಕಿನ ಈಚೆ ತಮ್ಮದೇ ಭಾಷೆ ಆಡುವ ತ್ಸೋಂಗ ಜನ. ನಡುವೆ ಇದ್ದದ್ದು ಸಿಂಹ, ಬಾಯಾರಿಕೆ ಮತ್ತು ಕಾವಲಿನ ಸಿಪಾಯಿಗಳು. ಹಗಲು ಪೊದೆಯಡಿ ಮಲಗುವುದು, ಬಿಸಿಲು ಇಳಿದ ಮೇಲೆ ನಡೆಯುವುದು. ಮಿಸವೇನಿಗೆ ನೆನಪಿದ್ದದ್ದು ಅಷ್ಟಿಷ್ಟು: ಅತ್ತೆಯ ಸುತ್ತುಬಟ್ಟೆಯ ಚುಂಗು ತನ್ನ ಮುಷ್ಟಿಯಲ್ಲಿ ಇದ್ದದ್ದು, ಒಣಗಿ ಅಂಗುಳಕ್ಕೆ ಅಂಟಿದ ನಾಲಿಗೆ, ಆಮೇಲೆ ಅತ್ತೆಯ ಬೆನ್ನು. ಬಹಳ ಹೊತ್ತು ಆ ಬೆನ್ನು. ಜತೆಗೆ ಕನಸೋ ನಿಜವೋ ತಿಳಿಯದ ಇನ್ನೊಂದು: ಮರದ ಕಾಂಡಗಳಂಥ ಬೂದು ಕಾಲುಗಳು, ಮರಳಿನ ಗುಂಡಿಯಲ್ಲಿ ನೀರು, ಆ ನೀರಿಗೆ ಲದ್ದಿಯ ವಾಸನೆ.

ಬೇಲಿಯ ತೂತಿನಿಂದ ಈಚೆ ನುಸುಳಿದಾಗ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಅವರನ್ನು ಮನೆಗೆ ಕರೆದುಕೊಂಡು ಹೋದಳು. ಮಬುಂಡ ಮನೆತನದ ಮಗಳಾದ್ದರಿಂದ ಊರೆಲ್ಲ ಅವಳನ್ನು ಈಗ ಮಬುಂಡಜ್ಜಿ ಎನ್ನುತ್ತದೆ. ಅವಳ ಗುಡಿಸಲಲ್ಲಿ ಇವರು ಎರಡು ಮಳೆಗಾಲ ಇದ್ದರು. ಆಮೇಲೆ ಊರ ಮುಖ್ಯಸ್ಥ ಒಂದು ತುಂಡು ನೆಲ ತೋರಿಸಿದ. ಶಾಲೆಯಲ್ಲಿ ಮಕ್ಕಳು ಮಿಸವೇನಿಯನ್ನು "ಗಡಿಯಾಚೆಯವಳು" ಎಂದು ಚುಡಾಯಿಸಿದಾಗ ಮಬುಂಡಜ್ಜಿಯ ದೊಡ್ಡ ಮಕ್ಕಳು ಕಲ್ಲು ಹಿಡಿದು ಬಂದು ನಿಂತರು. ಅತ್ತೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತಳು, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿದು ಮಾರಿದಳು, ಮಿಸವೇನಿಯನ್ನು ಓದಿಸಿದಳು, ಮದುವೆ ಮಾಡಿದಳು. ತಾನು ಮತ್ತೆ ಮದುವೆಯಾಗಲಿಲ್ಲ. ಜೋಹಾನ್ಸ್‌ಬರ್ಗಿನ ಗಣಿಗೆ ಹೋದ ಗಂಡನೊಬ್ಬ ಇದ್ದ, ಅವನ ಸುದ್ದಿ ಬರಲಿಲ್ಲ ಎಂದಷ್ಟೇ ಹೇಳಿದ್ದಳು.

ಮಬುಂಡಜ್ಜಿಯ ಕೊನೆಯ ಮಗಳು ಬಸಾನಿ. ಇವರು ಬಂದಾಗ ಅವಳು ಕೈಗೂಸು. ಈಗ ಬಸ್ಸಿನ ಬಾಗಿಲಲ್ಲಿ ನಿಂತರೆ ಹಿಂದಿನವರಿಗೆ ಬೆಳಕು ಕಾಣದಷ್ಟು ಆಳು, ಅದಕ್ಕೆ ತಕ್ಕ ಗಂಟಲು. ಪಾರ್ಕಿನ ಸುದ್ದಿ ಅವಳ ಕಿವಿಗೆ ಹೇಗೆ ಬಿತ್ತೋ. ಹೊರಡುವ ದಿನ ಬೆಳಕು ಹರಿಯುವ ಮೊದಲೇ ಎರಡು ಕಂಬಳಿ, ಒಂದು ಬುಟ್ಟಿ ಹಿಡಿದು ಕಾರಿನ ಪಕ್ಕ ನಿಂತಿದ್ದಳು.

"ನಿನ್ನ ಯಾರು ಕರೆದರು?" ಎಂದಳು ಮಿಸವೇನಿ.

"ಕರೆಯೋಕೆ ನಾನೇನು ನೆಂಟಳಾ? ಬುಟ್ಟೀಲಿ ಮಗ್ವಿನ್ಯಾ ಇದೆ, ಹುರಿದ ಕೋಳಿ ಇದೆ. ನಾನು ಬೇಡ ಅಂದ್ರೆ ಕೋಳೀನೂ ಇಳೀತದೆ."

"ಹತ್ತು, ಹತ್ತು."

ಗೇಟಿನ ಮುಂದೆ ಆಗಲೇ ಕಾರುಗಳ ಸಾಲು. ಚಳಿಗೆ ಗಾಜಿನ ಮೇಲೆ ಉಸಿರು ಮುಸುಕುತ್ತಿತ್ತು. ಕಾವಲಿನ ಹುಡುಗಿ ಬಗ್ಗಿ ನೋಡಿ, ಮಾಮೂಲಿನಂತೆ ಬಂದೂಕು ಇದೆಯೇ ಎಂದು ಕೇಳಿದಳು. ಬಸಾನಿ ಹಿಂದಿನಿಂದ, "ನಮ್ಮ ಲಿಂಡತ್ತೆಯ ನಾಲಿಗೆ ಬಿಟ್ರೆ ಬೇರೆ ಆಯುಧ ಇಲ್ಲಮ್ಮ" ಎಂದಳು. ಹುಡುಗಿ ನಕ್ಕು, "ಎಲ್ಲೂ ಕಾರಿಂದ ಇಳೀಬೇಡಿ ಅವ್ವಾ. ಸೇತುವೆ ಮೇಲೆ ಹಳದಿ ಗೆರೆ ಇರೋ ಕಡೆ, ಊಟದ ಜಾಗದಲ್ಲಿ, ಅಲ್ಲಿ ಮಾತ್ರ ಇಳೀಬಹುದು. ಸಂಜೆ ಗೇಟು ಮುಚ್ಚೋದ್ರೊಳಗೆ ಬನ್ನಿ" ಎಂದು ಅಡ್ಡಗಂಬ ಎತ್ತಿದಳು.

ಅತ್ತೆ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು. ಚರ್ಚಿಗೆ ಹಾಕುವ ನೀಲಿ ಬಟ್ಟೆ, ತಲೆಗೆ ಬಿಗಿದ ವಸ್ತ್ರ. ಒಳಗೆ ಹೋಗುತ್ತಿದ್ದಂತೆ ಕಿಟಕಿಯ ಗಾಜಿಗೆ ಹಣೆ ತಾಗಿಸಿದಳು. ಸೂರ್ಯ ಮೇಲೆ ಬಂದು ಹುಲ್ಲಿನ ತುದಿಗಳಿಗೆ ಬಣ್ಣ ಹತ್ತಿತು. ದಾರಿಯ ಎರಡೂ ಬದಿ ಇಂಪಾಲ ಜಿಂಕೆಗಳು.

"ಇವಕ್ಕಾ ಜನ ವಿಮಾನ ಹತ್ತಿ ಬರೋದು? ನಮ್ಮ ಆಡುಗಳ ಥರಾನೇ ಇವೆ" ಎಂದಳು ಬಸಾನಿ.

"ನಿನ್ನ ಆಡಿಗೆ ಸ್ನಾನ ಮಾಡಿಸಿದ್ರೆ ಹೀಗೆ ಕಾಣ್ತಿತ್ತು" ಎಂದಳು ಅತ್ತೆ.

ಜೀಬ್ರಾ ಬಂದವು. ಜಿರಾಫೆಯೊಂದು ಮುಳ್ಳುಮರದ ತುದಿ ಮೇಯುತ್ತ, ಇವರನ್ನು ನೋಡಿ ಅಗಿಯುವುದನ್ನು ನಿಲ್ಲಿಸಿತು. ಮಿಸವೇನಿ ಎದುರಿನ ದಾರಿಯೊಂದನ್ನು ಬಿಟ್ಟು ಏನನ್ನೂ ನೋಡುತ್ತಿರಲಿಲ್ಲ. ಎರಡೂ ಕೈ ಚಕ್ರಕ್ಕೆ ಅಂಟಿದ್ದವು. ಅತ್ತೆ ಮಾತ್ರ ಪ್ರತಿಯೊಂದಕ್ಕೂ ಮೆಲ್ಲನೆ, "ಓ, ಹೀಗಿತ್ತಾ. ಹೀಗಿತ್ತಾ" ಎನ್ನುತ್ತಿದ್ದಳು. ಹೊಸದನ್ನು ನೋಡುವವರು ಹಾಗೆ ಹೇಳುವುದಿಲ್ಲ. ಕತ್ತಲಲ್ಲಿ ತಡವಿದ್ದನ್ನು ಬೆಳಕಲ್ಲಿ ಕಂಡವರು ಹೇಳುತ್ತಾರೆ.

ಟಾರು ದಾರಿ ಬಿಟ್ಟು ಮೂಡಣಕ್ಕೆ ಹೋಗುವ ಜಲ್ಲಿದಾರಿ ಹಿಡಿಯೋಣ ಎಂದವಳು ಅತ್ತೆಯೇ. ಆ ದಾರಿಯ ಒಂದು ತಿರುವು ದಾಟಿದ್ದೇ ತಡ, ಎದುರಿಗೆ ಆನೆ. ಒಂಟಿ ಸಲಗ. ದಾರಿಯ ನಟ್ಟನಡುವೆ ನಡೆದು ಬರುತ್ತಿತ್ತು. ಕೆನ್ನೆಯ ಮೇಲೆ ಮದ ಸುರಿದ ಕಪ್ಪು ಗೆರೆ. ಕಾರನ್ನು ಕಂಡು ನಿಂತು ಕಿವಿ ಅಗಲಿಸಿತು, ತಲೆ ಕೊಡವಿತು, ಮತ್ತೆ ನಡೆಯತೊಡಗಿತು. ಅದಕ್ಕೆ ಅವಸರವಿರಲಿಲ್ಲ. ದಾರಿ ತನ್ನದು ಎಂಬ ನಡಿಗೆ.

"ಹಿಂದಕ್ಕೆ ತಗೋ" ಎಂದಳು ಅತ್ತೆ, ದನಿ ಏರಿಸದೆ.

ಮಿಸವೇನಿ ಗೇರು ಎಳೆದಳು. ಅದು ಕಿರ್ರೆಂದು ಕೂಗಿ ಕೂರಲಿಲ್ಲ. ಇನ್ನೊಮ್ಮೆ ಎಳೆದಳು. ಹಿಂದೆ ಬಸಾನಿ, "ಕರ್ತನೇ, ಕರ್ತನೇ, ನಾನು ಹೋದ ಭಾನುವಾರ ಚರ್ಚಿಗೆ ಹೋಗ್ಲಿಲ್ಲ, ಬರೋ ಭಾನುವಾರ ಎರಡು ಸಲ ಹೋಗ್ತೀನಿ" ಎಂದು ಶುರು ಮಾಡಿದ್ದಳು. ಗೇರು ಬಿತ್ತು. ಆದರೆ ಹಿಂದಿನ ಗಾಜಿನ ತುಂಬ ಬಸಾನಿಯೇ.

"ಬಗ್ಗು!" ಅತ್ತೆ ಅವಳ ತಲೆಯನ್ನು ಸೀಟಿಗೆ ಒತ್ತಿ, ತಾನು ಪೂರ್ತಿ ಹಿಂದಕ್ಕೆ ತಿರುಗಿ ಮಂಡಿಯೂರಿದಳು. "ಮಿಸ, ನೀನು ಆನೆ ನೋಡ್ಬೇಡ. ಹಿಂದೇನೂ ನೋಡ್ಬೇಡ. ನನ್ನ ಮಾತು ಕೇಳು. ಬಿಡು, ಮೆಲ್ಲಗೆ. ಇನ್ನಷ್ಟು. ಬಲಕ್ಕೆ ಒಂಚೂರು. ಸಾಕು. ನೇರ. ಅಲ್ಲೊಂದು ಕಲ್ಲಿದೆ, ಎಡಕ್ಕೆ. ಹಾಂ, ನನ್ನ ಬಂಗಾರ, ಹಾಗೇ ಬಾ, ಹಾಗೇ ಬಾ."

ಕಾರು ಹಾವಿನ ಹಾಗೆ ಹಿಂದಕ್ಕೆ ಹರಿಯಿತು. ಆನೆ ಬರುತ್ತಲೇ ಇತ್ತು. ತಿರುವು ಮುಗಿದು ದಾರಿ ಅಗಲವಾದ ಕಡೆ ಅತ್ತೆ, "ಬದಿಗೆ ಹಾಕಿ ಸುಮ್ನಿರು" ಎಂದಳು. ಎಂಜಿನು ನಿಂತಿತು. ಸಲಗ ಕಾರಿನ ಪಕ್ಕಕ್ಕೆ ಬಂತು. ಅದರ ಮೈಯ ಸುಕ್ಕುಗಳಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿದ್ದು ಕಾಣುವಷ್ಟು ಹತ್ತಿರ. ಒಂದು ಗಳಿಗೆ ನಿಂತು, ಸೊಂಡಿಲಿನಿಂದ ಗಾಳಿ ಹೀರಿ, ಇವರಲ್ಲಿ ತನಗೆ ಬೇಕಾದ್ದೇನೂ ಇಲ್ಲವೆಂದು ಪೊದೆಗಳೊಳಗೆ ಇಳಿದುಹೋಯಿತು.

ಬಸಾನಿ ಮೆಲ್ಲನೆ ಎದ್ದಳು. "ಹೋಯ್ತಾ?"

"ಹೋಯ್ತು."

"ಮಗ್ವಿನ್ಯಾ ಬುಟ್ಟಿ ಮೇಲೆ ಮಲಗಿಬಿಟ್ಟೆ ಕಣ್ರೀ. ಇನ್ನು ಅವನ್ನ ರೊಟ್ಟಿ ಅಂತಾನೇ ತಿನ್ಬೇಕು."

ಮೂವರಿಗೂ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಮಿಸವೇನಿ ಚಕ್ರದ ಮೇಲೆ ತಲೆಯಿಟ್ಟು ನಕ್ಕಳು. ಅತ್ತೆ ಅವಳ ಕೈಯ ಮೇಲೆ ತನ್ನ ಕೈಯಿಟ್ಟು, ನಗು ನಿಲ್ಲುವ ತನಕ ತೆಗೆಯಲಿಲ್ಲ.

ಬಿಸಿಲು ಏರಿದ ಮೇಲೆ ಅವರು ಒಂದು ದೊಡ್ಡ ಸೇತುವೆಗೆ ಬಂದರು. ಕೆಳಗೆ ಹೊಳೆ, ಆದರೆ ನೀರಿಲ್ಲ, ಬರೀ ಮರಳು. ಆ ಮರಳಿನ ನಡುವೆ ಹೆಣ್ಣಾನೆಗಳ ಹಿಂಡು, ಮರಿಗಳ ಸಮೇತ. ಹಿರಿಯಾನೆಯೊಂದು ಮುಂಗಾಲಿನಿಂದ ಮರಳನ್ನು ಕೆದರಿ, ಸೊಂಡಿಲಿನಿಂದ ಎತ್ತಿ ಪಕ್ಕಕ್ಕೆ ಎಸೆಯುತ್ತಿತ್ತು. ಕೆದರುತ್ತ ಕೆದರುತ್ತ ಗುಂಡಿ ಆಳವಾಯಿತು. ಆಮೇಲೆ ಸೊಂಡಿಲು ಒಳಗಿಳಿಸಿ ಅಲ್ಲೇ ನಿಂತಿತು. ತೆಗೆದಾಗ ಅದರ ತುದಿಯಿಂದ ನೀರು ತೊಟ್ಟಿಕ್ಕಿತು.

"ಗಾಡಿ ನಿಲ್ಲಿಸು" ಎಂದಳು ಅತ್ತೆ. ಗೆರೆ ಹಳದಿಯೋ ಬಿಳಿಯೋ ಎಂದು ಮಿಸವೇನಿ ನೋಡುವಷ್ಟರಲ್ಲೇ ಅವಳು ಬಾಗಿಲು ತೆರೆದು ಇಳಿದಾಗಿತ್ತು. ಪುಣ್ಯಕ್ಕೆ ಗೆರೆ ಹಳದಿಯದೇ.

ಅತ್ತೆ ಸೇತುವೆಯ ಕಂಬಿ ಹಿಡಿದು ನಿಂತಳು. ಬಹಳ ಹೊತ್ತು ನಿಂತಳು. ಮಿಸವೇನಿ ಪಕ್ಕಕ್ಕೆ ಹೋಗಿ ನಿಂತಾಗ ತನ್ನೊಳಗೆ ಏನೋ ಅಲುಗಿದಂತಾಯಿತು. ಬೂದು ಕಾಲುಗಳು, ಮರಳ ಗುಂಡಿ, ನೀರು.

"ಅತ್ತೆ, ನಾನು ಇದನ್ನ ಕನಸಲ್ಲಿ ಕಂಡಿದೀನಿ."

"ಕನಸಲ್ಲ" ಎಂದಳು ಅತ್ತೆ. "ನೀನೇ ತೋರಿಸಿದ್ದು ನಂಗೆ."

ಆಮೇಲೆ, ಕಣ್ಣನ್ನು ಆನೆಗಳಿಂದ ಕೀಳದೆ, ಹೇಳಿದಳು.

"ನನಗೊಂದು ಮಗು ಇತ್ತು ಮಿಸ. ಫೆನಿಯಾಸ್ ಅಂತ. ಇನ್ನೂ ಹಲ್ಲು ಬಂದಿರಲಿಲ್ಲ. ಹೊರಟಾಗ ಬೆನ್ನ ಮೇಲೆ ಅವನಿದ್ದ, ನೀನು ನನ್ನ ಬಟ್ಟೆ ಹಿಡ್ಕೊಂಡು ನಡೀತಿದ್ದೆ. ಕಾಡೊಳಗೆ ಅವನಿಗೆ ಜ್ವರ ಬಂತು. ಅಳೋಕೆ ಶುರು ಮಾಡಿದ. ದಾರಿ ತೋರಿಸ್ತಿದ್ದೋನು ಹೇಳಿದ, ತಾಯಿ, ಮಗು ಅತ್ರೆ ಸಿಪಾಯಿಗಳಿಗೆ ಕೇಳ್ತದೆ, ಸಿಂಹಕ್ಕೂ ಕೇಳ್ತದೆ, ಇಷ್ಟೊಂದು ಜನದ ಪ್ರಾಣ ಇದೆ ಅಂತ. ತಪ್ಪೇನಿಲ್ಲ ಅವನದ್ದು. ನಾನು ಹಿಂದೆ ಉಳ್ಕೊಂಡೆ. ಅವರು ಹೋದರು. ಆಮೇಲೆ ಫೆನಿಯಾಸ್ ಅಳೋದನ್ನ ನಿಲ್ಲಿಸಿದ."

ಕೆಳಗೆ ಮರಿಯಾನೆಯೊಂದು ಗುಂಡಿಗೆ ಸೊಂಡಿಲು ತುರುಕಲು ಹೋಗಿ ಮುಗ್ಗರಿಸಿತು. ತಾಯಿ ಅದನ್ನು ಕಾಲಿನಿಂದ ಮೆಲ್ಲನೆ ತಳ್ಳಿ ನಿಲ್ಲಿಸಿತು.

"ಹೊಳೆ ದಡದಲ್ಲಿ ಒಂದು ಮರದಡಿ ಅವನನ್ನ ಮಡಿಲಲ್ಲಿ ಇಟ್ಕೊಂಡು ಕೂತೆ. ಏಳಲ್ಲ ಅಂತ ಕೂತೆ. ಇಲ್ಲೇ ಮುಗೀಲಿ ಅಂತ. ನೀನು ನನ್ನ ಬಟ್ಟೆ ಜಗ್ಗಿದೆ. 'ಅತ್ತೆ, ಅವು ನೀರು ಕುಡೀತಿವೆ' ಅಂದೆ. ನೋಡಿದ್ರೆ ಆನೆಗಳು, ಹೀಗೇ. ಮರಳಲ್ಲಿ ನೀರಿರ್ತದೆ ಅಂತ ನಂಗೇನು ಗೊತ್ತು? ಅವು ಕುಡಿದು ಹೋಗೋ ತನಕ ಕಾದು, ನಿನ್ನ ಕರ್ಕೊಂಡು ಇಳಿದೆ. ಕುಡಿದ್ವಿ. ಆಮೇಲೆ ಅವನನ್ನ ದಡದಲ್ಲಿ ಮಲಗಿಸಿ ಕಲ್ಲು ಜೋಡಿಸಿದೆ. ನಿನ್ನನ್ನ ಬೆನ್ನಿಗೆ ಕಟ್ಕೊಂಡೆ. ನಡೆದೆ."

ಮಿಸವೇನಿ ಕಂಬಿಯನ್ನು ಹಿಡಿದುಕೊಂಡಳು. ಇಷ್ಟು ವರ್ಷ ಆ ಬೆನ್ನು ತನಗಾಗಿಯೇ ಇದ್ದದ್ದೆಂದು ತಿಳಿದಿದ್ದಳು. ಅಲ್ಲಿ ತನಗಿಂತ ಮೊದಲು ಒಬ್ಬ ಮಲಗಿದ್ದ. ಅವನ ಬೆವರು ಆರದ ಬಟ್ಟೆಯಲ್ಲೇ ಅತ್ತೆ ತನ್ನನ್ನು ಕಟ್ಟಿಕೊಂಡಿದ್ದಳು. ಒಂದು ದಿನವೂ ಅದರ ಭಾರವನ್ನು ತನ್ನ ಮೇಲೆ ಹಾಕಲಿಲ್ಲ; ಸಿಟ್ಟಿನಲ್ಲೂ, ಹಸಿವಿನಲ್ಲೂ ಆಡಿ ತೋರಿಸಲಿಲ್ಲ.

"ನಾನು ನಿಮಗೆ ಇದನ್ನ ಹೇಗೆ ತೀರಿಸ್ಲಿ ಅತ್ತೆ?" ಎಂದಳು ಕೊನೆಗೆ.

"ಹುಚ್ಚಿ. ನೀನು ಬಟ್ಟೆ ಜಗ್ಗದೆ ಇದ್ದಿದ್ರೆ ನಾನು ಅಲ್ಲಿಂದ ಏಳ್ತಿದ್ನಾ? ಯಾರು ಯಾರನ್ನ ಎತ್ಕೊಂಡು ಬಂದ್ರು ಅನ್ನೋದು ದೇವರಿಗೇ ಸರಿಯಾಗಿ ಗೊತ್ತಿಲ್ಲ."

"ಇದೇ ಹೊಳೆಯಾ?"

"ಯಾರಿಗೆ ಗೊತ್ತು? ಆಗ ನಮಗೆ ಹೆಸರು ಬರೆದ ಹಲಗೆ ಕಂಡಿತ್ತಾ? ಮರಳು ಇಂಥದ್ದೇ. ಇವುಗಳ ಅಜ್ಜಿಯೋ ಮುತ್ತಜ್ಜಿಯೋ ಇದ್ದಿರಬೇಕು. ಸಾಕು ನಂಗೆ."

ಅತ್ತೆ ಸೊಂಟದ ಗಂಟಿನಿಂದ ನಶ್ಯದ ಪುಟ್ಟ ಡಬ್ಬಿ ತೆಗೆದಳು. ಚಿಟಿಕೆ ನಶ್ಯವನ್ನು ಕಂಬಿಯಾಚೆ ಗಾಳಿಗೆ ಬಿಟ್ಟು, ತೀರಿಹೋದ ಹಿರಿಯರಿಗೆ ನಶ್ಯ ಅರ್ಪಿಸಿ ಮಾತಾಡಿಸುವ ದನಿಯಲ್ಲಿ ಹೇಳಿದಳು: "ಫೆನಿಯಾಸ್, ಅವ್ವ ಬಂದಿದೀನಿ ಕಂದ. ತಡ ಆಯ್ತು, ಕಣ್ಣು ಕಾಣ್ತಿರಲಿಲ್ಲ. ನಿನ್ನ ಅಕ್ಕ ಗಾಡಿ ಓಡಿಸ್ಕೊಂಡು ಕರ್ಕೊಂಡು ಬಂದ್ಲು." ಇನ್ನೊಂದು ಚಿಟಿಕೆ ತೆಗೆದು ಆನೆಗಳ ಕಡೆಗೆ: "ಅಮ್ಮಂದಿರಾ, ನೀವು ತೋಡಿದ ನೀರು ಕುಡಿದು ಬದುಕಿದ್ವಿ. ಅವತ್ತು ಹೇಳೋಕೆ ಬಿಡುವಿರಲಿಲ್ಲ. ಇವತ್ತು ಹೇಳ್ತಿದೀನಿ." ಎರಡೂ ಅಂಗೈ ಬೊಗಸೆ ಮಾಡಿ, ಮಂಡಿ ಬಗ್ಗಿಸಿ, ಮೆಲ್ಲಗೆ ಚಪ್ಪಾಳೆ ತಟ್ಟಿದಳು. ದೊಡ್ಡವರಿಂದ ಏನನ್ನಾದರೂ ಪಡೆದಾಗ ಆ ನಾಡಿನ ಹೆಣ್ಣುಮಕ್ಕಳು ತಟ್ಟುವ ಹಾಗೆ. ಮಿಸವೇನಿಯೂ ಪಕ್ಕದಲ್ಲಿ ಮಂಡಿ ಬಗ್ಗಿಸಿ ತಟ್ಟಿದಳು.

ಹಿಂದೆ ಬಂದು ನಿಂತ ಕಾರಿನಿಂದ ಉದ್ದನೆಯ ಕ್ಯಾಮೆರಾ ಹಿಡಿದ ಬಿಳಿಗೂದಲಿನ ದಂಪತಿ ಇಳಿದಿದ್ದರು. ಇವರ ಹಿಂದೆಯೇ ಇಳಿದು ಎಲ್ಲ ಕೇಳಿಸಿಕೊಂಡಿದ್ದ ಬಸಾನಿಯನ್ನು ಗಂಡ ಮೆಲ್ಲನೆ ಕೇಳಿದ, ಅವರು ಏನು ಮಾಡುತ್ತಿದ್ದಾರೆ ಎಂದು. ಬಸಾನಿ ಮೂಗು ಒರೆಸಿಕೊಂಡು, "ಹಳೇ ಪರಿಚಯದವರು ಸಿಕ್ಕಿದಾರೆ, ಮಾತಾಡಿಸ್ತಿದಾರೆ" ಎಂದಳು. ಅವನು ಏನು ತಿಳಿದನೋ, ಕ್ಯಾಮೆರಾ ಇಳಿಸಿ ಟೋಪಿ ತೆಗೆದು ನಿಂತ.

ಊಟದ ಜಾಗ ಅಲ್ಲಿಂದ ಹತ್ತಿರವೇ ಇತ್ತು. ಮರದ ನೆರಳಿನಲ್ಲಿ ಬೆಂಚು, ಮೇಲೆ ಹೊಂಚು ಹಾಕುವ ಕೋತಿಗಳು. ಚಪ್ಪಟೆಯಾದ ಮಗ್ವಿನ್ಯಾವನ್ನು ಬಸಾನಿ ಹಂಚಿದಳು.

"ಲಿಂಡತ್ತೆ, ನಮ್ಮವ್ವನಿಗೂ ಹೇಳ್ಲಿಲ್ವಾ ನೀವು? ಒಂದೇ ಚಾಪೆ ಮೇಲೆ ಮಲಗ್ತಿದ್ರಿ."

"ನಿಮ್ಮವ್ವನಿಗೆ ಹೇಳೋ ಪ್ರಸಂಗವೇ ಬರ್ಲಿಲ್ಲ." ಅತ್ತೆ ಕೋಳಿಯ ಮೂಳೆ ಬಿಡಿಸುತ್ತ ಹೇಳಿದಳು. "ಬಂದ ದಿನ ನನ್ನ ರವಿಕೆ ಎದೆ ಹತ್ರ ಒದ್ದೆಯಾಗಿತ್ತು, ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಾಲು ಕಟ್ಕೊಂಡು ಜ್ವರ ಬಂದಿತ್ತು. ಅವಳು ನೋಡಿದ್ಲು. ಮಗು ಎಲ್ಲಿ ಅಂತ ಕೇಳ್ಲಿಲ್ಲ. ಒಳಗೆ ಹೋಗಿ ನಿನ್ನ ಎತ್ಕೊಂಡು ಬಂದು ನನ್ನ ಮಡಿಲಿಗೆ ಹಾಕಿದ್ಲು. ಅವಳಿಗೆ ಆ ವರ್ಷ ಹಾಲು ಸಾಲ್ತಿರಲಿಲ್ಲ, ನೀನು ಇಲಿಮರಿ ಥರ ಇದ್ದೆ. 'ಇದು ಹಸಿದಿದೆ, ಕೊಡು' ಅಂದ್ಲು. ಅಷ್ಟೇ. ಎರಡು ಮಳೆಗಾಲ ನೀನು ನನ್ನ ಹಾಲೇ ಕುಡಿದಿದ್ದು."

ಬಸಾನಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಅವಳ ದೊಡ್ಡ ಕೆನ್ನೆಗಳ ಮೇಲೆ ನೀರು ಧಾರಾಳವಾಗಿ ಇಳಿಯಿತು. ಮರದ ಮೇಲಿನ ಕೋತಿ ಇದೇ ಸಮಯವೆಂದು ಇಳಿದು ಬಂದು ತಟ್ಟೆಯಿಂದ ಕೋಳಿಕಾಲು ಎತ್ತಿಕೊಂಡು ಹೋಯಿತು. ಬಸಾನಿ ತಡೆಯಲಿಲ್ಲ.

ಆಮೇಲೆ ಕೆನ್ನೆ ಒರೆಸಿಕೊಂಡು, "ಆನೆ ತೋಡಿದ ನೀರಿನ ಹಾಲಾ! ಅದಕ್ಕೇ ನಾನು ಹೀಗೆ ಬೆಳೆದಿರೋದು. ಊರವರೆಲ್ಲ ಸುಮ್ನೆ ಮುದ್ದೆ ಮೇಲೆ ತಪ್ಪು ಹೊರಿಸ್ತಿದ್ರು" ಎಂದಳು.

ಅತ್ತೆ ನಕ್ಕಳು. ಮಿಸವೇನಿ ಬಸಾನಿಯ ಹೆಗಲಿಗೆ ಹಣೆಯಿಟ್ಟು ಅತ್ತಳು; ನಗುತ್ತಲೂ ಇದ್ದಳು. ಚಿಕ್ಕಂದಿನಿಂದ ಅವರಿಬ್ಬರನ್ನೂ ಊರು ಅಕ್ಕತಂಗಿಯರೆಂದೇ ಕರೆಯುತ್ತಿತ್ತು. ಅದು ಬಾಯಿಮಾತಲ್ಲ ಎಂದು ಇವತ್ತು ತಿಳಿಯಿತು.

ಮಧ್ಯಾಹ್ನ ಹೊರಳಿದ ಮೇಲೆ ಅವರು ಸಿಂಹವನ್ನೇನೂ ಕಾಣಲಿಲ್ಲ. ಒಂದು ಕಡೆ ಹತ್ತಾರು ಕಾರು ನಿಂತು ಒಂದು ಪೊದೆಯನ್ನೇ ನೋಡುತ್ತಿದ್ದವು. ಅದರೊಳಗೆ ಸಿಂಹವಿದೆ ಎಂದರು, ಆದರೆ ಬಾಲ ಕೂಡ ಕಾಣಲಿಲ್ಲ. "ಅದು ಮಲಗಿರ್ಲಿ ಬಿಡು, ಪಾಪ" ಎಂದಳು ಅತ್ತೆ. ಹುಲ್ಲಿನ ಮೇಲೆ ನೆರಳುಗಳು ಉದ್ದವಾದವು. ಮಂಗಟ್ಟೆ ಹಕ್ಕಿಗಳು ದಾರಿಯಲ್ಲಿ ಕುಪ್ಪಳಿಸಿದವು. ಮಿಸವೇನಿಯ ಹಿಡಿತ ಸಡಿಲಾಗಿತ್ತು. ಈಗ ಅವಳೂ ಅತ್ತಿತ್ತ ನೋಡುತ್ತಿದ್ದಳು. ಮುರಿದ ಮುಳ್ಳುಮರ, ಗೆದ್ದಲಿನ ಹುತ್ತ, ದೂರದಲ್ಲಿ ಗಡಿಯ ಗುಡ್ಡದ ನೀಲಿ ಗೆರೆ. ಇಷ್ಟೊಂದು ನೆಲವನ್ನು ತಾನೂ ಅತ್ತೆಯೂ ದಾಟಿ ಬಂದೆವೇ ಎಂದು ಅವಳಿಗೆ ಬೆರಗಾಯಿತು. ದಾರಿಯ ಪ್ರತಿ ತಿರುವಿಗೂ ಅವಳ ಮನಸ್ಸು ಒಂದೇ ಮಾತು ಹೇಳುತ್ತಿತ್ತು: ಇಲ್ಲೂ ಬಿಡಲಿಲ್ಲ, ಇಲ್ಲೂ ಅವಳು ನನ್ನನ್ನು ಇಳಿಸಲಿಲ್ಲ.

ಗೇಟು ದಾಟಿ ಊರು ಸೇರಿದಾಗ ಇನ್ನೂ ಬೆಳಕಿತ್ತು. ಯಾರೂ ಹೇಳದಿದ್ದರೂ ಮಿಸವೇನಿ ಕಾರನ್ನು ಮೊದಲು ಮಬುಂಡಜ್ಜಿಯ ಅಂಗಳಕ್ಕೇ ತಂದು ನಿಲ್ಲಿಸಿದಳು. ಅಜ್ಜಿ ಗೋಡೆಗೊರಗಿ ಚಾಪೆಯ ಮೇಲೆ ಕೂತು, ಮುಂದೆ ಮೊರವಿಟ್ಟು ಕಡಲೆಕಾಯಿ ಸುಲಿಯುತ್ತಿದ್ದಳು. ಕಿವಿ ಮಂದ; ಕಾರಿನ ಸದ್ದು ಕೇಳಲಿಲ್ಲ. ಮಗಳ ನೆರಳು ಮೊರದ ಮೇಲೆ ಬಿದ್ದಾಗ ತಲೆಯೆತ್ತಿದಳು.

ಬಸಾನಿ ಅವಳ ಮುಂದೆ ಮಂಡಿಯೂರಿದಳು. ಪಕ್ಕದಲ್ಲಿ ಮಿಸವೇನಿಯೂ ಊರಿದಳು. ಇಬ್ಬರೂ ಬೊಗಸೆ ಕೈಯಿಂದ ಮೆಲ್ಲಗೆ ಚಪ್ಪಾಳೆ ತಟ್ಟಿದರು.

"ಏನ್ರೇ ಇದು?" ಅಜ್ಜಿ ಗಾಬರಿಯಾದಳು. "ಯಾರಿಗಾದ್ರೂ ಮದುವೆ ಗೊತ್ತಾಯ್ತಾ?"

"ಅವ್ವಾ," ಬಸಾನಿ ಗಟ್ಟಿಯಾಗಿ ಕೂಗಿ ಹೇಳಿದಳು, "ಲಿಂಡತ್ತೆ ನಂಗೆ ಹಾಲು ಕೊಟ್ಟಿದ್ದು ಯಾಕೆ ಹೇಳ್ಲಿಲ್ಲ ನೀನು, ಇಷ್ಟು ವರ್ಷ?"

ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಹಿಂದೆ ನಿಂತಿದ್ದ ಲಿಂಡತ್ತೆಯನ್ನು ನೋಡಿದಳು. ಇಬ್ಬರು ಮುದುಕಿಯರ ನಡುವೆ ಏನೋ ಹಾದುಹೋಯಿತು. ಅದಕ್ಕೆ ಕಿವಿ ಬೇಕಿರಲಿಲ್ಲ.

"ಅವಳ ಹತ್ರ ಹಾಲಿತ್ತು, ನನ್ನ ಹತ್ರ ಕೂಸಿತ್ತು" ಎಂದಳು ಅಜ್ಜಿ. "ಅದರಲ್ಲಿ ಹೇಳೋಕೇನಿದೆ?"

ಹೇಳಿ, ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾ ಲಿಂಡಾ, ಕೂತ್ಕೋ. ದಿನವೆಲ್ಲ ಕಾರಲ್ಲಿ ಮೆರೆದು ಬಂದಿದೀಯ, ಎರಡು ಹಿಡಿ ಕಡಲೆಕಾಯಿ ಸುಲಿ."

ಲಿಂಡತ್ತೆ ಕೂತಳು. ಮೊರವನ್ನು ಇಬ್ಬರ ನಡುವೆ ಎಳೆದುಕೊಂಡರು. ಬಸಾನಿ ಟೀ ಕಾಸಲು ಒಳಗೆ ಹೋದಳು. ಮಿಸವೇನಿ ಚಾಪೆಯ ತುದಿಯಲ್ಲಿ ಕೂತು, ಒಂದು ಹಿಡಿ ಕಾಯಿ ತೆಗೆದುಕೊಂಡು, ಅವರ ಜತೆ ಸುಲಿಯತೊಡಗಿದಳು.